ಕೆಲಸ ಬದಲಾಯಿತು, ಟೈಮರ್ ಬದಲಾಗಲಿಲ್ಲ: ತಪ್ಪಿಹೋದ ಸಮಯದ ದಾಖಲೆಯನ್ನು ಸರಿಪಡಿಸುವ ಬಗೆ

ಯಾವ ಕೆಲಸಕ್ಕೆ ಎಷ್ಟು ಹೊತ್ತು ಹಿಡಿಯಿತು ಎಂದು ಬರೆದಿಡುವ ನಮ್ಮ ತಂಡದ ಟೈಮ್‌ಶೀಟ್‌ಗಳನ್ನು ನೋಡಿ ಕಳಿಸುವ ಕೆಲಸ ನನ್ನದು. ಶುಕ್ರವಾರ ಸಂಜೆ ಬರುವ ದೂರು ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ದಿನದ ಒಟ್ಟು ಗಂಟೆ ಸರಿಯಾಗಿಯೇ ಇದೆ, ಆದರೆ ಒಂದು ಪ್ರಾಜೆಕ್ಟ್‌ಗೆ ನಂಬಲಾಗದಷ್ಟು ಸಮಯ ಬಿದ್ದಿದೆ, ಇನ್ನೊಂದರ ಹೆಸರೇ ಇಲ್ಲ. ಕೆಲಸ ಮಾಡಿದವರಿಗೆ ತಾವು ಮಾಡಿದ್ದು ನೆನಪಿದೆ. ಟೈಮರ್ ಬದಲಿಸುವುದು ಮಾತ್ರ ಮರೆತುಹೋಗಿದೆ.

ಆಗ ಬಹಳಷ್ಟು ಜನ ಮಾಡುವುದೇನೆಂದರೆ, ಒಂದರಿಂದ ಒಂದೂವರೆ ಗಂಟೆ ಕಳೆದು ಇನ್ನೊಂದಕ್ಕೆ ಒಂದೂವರೆ ಗಂಟೆ ಕೂಡಿಸಿಬಿಡುತ್ತಾರೆ. ಲೆಕ್ಕ ಕೂಡಿಬಂದಂತೆ ಕಾಣುತ್ತದೆ. ಆದರೆ ತಪ್ಪಿದ್ದು ಗಂಟೆಗಳ ಮೊತ್ತವಲ್ಲ, ಒಂದು ಗಡಿ. ಮೊದಲನೆಯ ಕೆಲಸ ಎಷ್ಟು ಹೊತ್ತಿಗೆ ನಿಂತಿತು, ಎರಡನೆಯದು ಎಷ್ಟು ಹೊತ್ತಿಗೆ ಶುರುವಾಯಿತು ಎಂಬ ಆ ಒಂದು ಸಮಯ ತಪ್ಪಿದ್ದರಿಂದಲೇ ಅಕ್ಕಪಕ್ಕದ ಎರಡು ದಾಖಲೆಗಳೂ ಕೆಟ್ಟಿವೆ. ಗಡಿಯನ್ನು ಹುಡುಕಿ ಸರಿಯಾದ ಜಾಗದಲ್ಲಿಟ್ಟರೆ ಎರಡೂ ಒಟ್ಟಿಗೆ ಸರಿಹೋಗುತ್ತವೆ. ಎರಡನ್ನೂ ಬೇರೆ ಬೇರೆಯಾಗಿ ತಿದ್ದಲು ಹೋದರೆ ನಡುವೆ ಒಂದು ಖಾಲಿ ಜಾಗವೋ, ಒಂದರ ಮೇಲೊಂದು ಹತ್ತಿದ ಹೊತ್ತೋ ಉಳಿದುಬಿಡುತ್ತದೆ.

ದೋಷ ಯಾವುದು ಎಂದು ಗುರುತಿಸುವುದು

ಮೊದಲು ಟೈಮರ್ ಹೇಗೆ ಕೆಲಸ ಮಾಡುತ್ತದೆ ಎಂಬುದು ತಿಳಿದಿರಲಿ. ಪರದೆಯ ಮೇಲೆ ಸೆಕೆಂಡುಗಳು ಓಡುತ್ತಿದ್ದರೂ ಒಳಗೆ ಏನೂ ಓಡುತ್ತಿರುವುದಿಲ್ಲ. ಶುರುವಾದ ಸಮಯ ಒಂದು ಕಡೆ ಬರೆದಿರುತ್ತದೆ, ಮುಗಿದ ಸಮಯದ ಜಾಗ ಖಾಲಿ ಇರುತ್ತದೆ, ಅಷ್ಟೆ. ಆದ್ದರಿಂದಲೇ ಲ್ಯಾಪ್‌ಟಾಪ್ ಮುಚ್ಚಿಟ್ಟರೂ, ಬ್ಯಾಟರಿ ಖಾಲಿಯಾದರೂ, ನೀವು ಮನೆಗೆ ಹೋಗಿ ಮಲಗಿದರೂ ಆ ದಾಖಲೆ ಬೆಳೆಯುತ್ತಲೇ ಇರುತ್ತದೆ. ಟಾಗಲ್, ಕ್ಲಾಕಿಫೈ ಮುಂತಾದ ಸಮಯ ದಾಖಲಿಸುವ ಸಾಧನಗಳಲ್ಲಿ ಒಂದು ಸಲಕ್ಕೆ ಒಂದೇ ಟೈಮರ್ ನಡೆಯುವುದು ರೂಢಿ. ಹೊಸದನ್ನು ಒತ್ತಿದರೆ ಹಳೆಯದು ಆ ಕ್ಷಣಕ್ಕೆ ನಿಲ್ಲುತ್ತದೆ. ಅಂದರೆ ಗಡಿ ಬೀಳುವುದು ಕೆಲಸ ಬದಲಾದ ಹೊತ್ತಿಗಲ್ಲ, ನಿಮಗೆ ನೆನಪಾದ ಹೊತ್ತಿಗೆ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ದಿನದ ಪಟ್ಟಿಯನ್ನು ಕ್ಯಾಲೆಂಡರ್ ನೋಟದಲ್ಲಿ ತೆರೆಯಿರಿ. ಸಾಲುಸಾಲಾದ ಪಟ್ಟಿಯಲ್ಲಿ ಕಾಣದ ದೋಷ ಅಲ್ಲಿ ಕಣ್ಣಿಗೆ ಹೊಡೆಯುತ್ತದೆ. ಒಂದೇ ದಾಖಲೆ ಮೂರು ನಾಲ್ಕು ಗಂಟೆ ಬಿಡುವಿಲ್ಲದೆ ನಿಂತಿದ್ದರೆ, ಅದರೊಳಗೆ ಬೇರೆ ಕೆಲಸವೋ ಊಟವೋ ಸೇರಿಕೊಂಡಿರುವ ಸಾಧ್ಯತೆ ಹೆಚ್ಚು. ಎರಡು ದಾಖಲೆಗಳ ನಡುವೆ ನಲವತ್ತು ನಿಮಿಷ ಖಾಲಿ ಬಿದ್ದಿದ್ದರೆ ಹಳೆಯದನ್ನು ನಿಲ್ಲಿಸಿ ಹೊಸದನ್ನು ಶುರುಮಾಡಲು ಮರೆತಿದ್ದೀರಿ. ಒಂದು ನಿಮಿಷ, ಎರಡು ನಿಮಿಷದ ಚೂರುಗಳು ಕಂಡರೆ ತಪ್ಪು ಕೆಲಸದ ಹೆಸರು ಒತ್ತಿ ತಕ್ಷಣ ಬದಲಿಸಿದ್ದೀರಿ, ಅದನ್ನು ಪಕ್ಕದ ದಾಖಲೆಗೆ ಸೇರಿಸಿಬಿಟ್ಟರೆ ಮುಗಿಯಿತು. ಎರಡು ದಾಖಲೆಗಳು ಒಂದರ ಮೇಲೊಂದು ಹತ್ತಿದ್ದರೆ ಕಾರಣ ಸಾಮಾನ್ಯವಾಗಿ ಎರಡರಲ್ಲಿ ಒಂದು: ಕೈಯಾರೆ ಸಮಯ ತುಂಬಿದ್ದು, ಇಲ್ಲವೇ ನೆಟ್‌ವರ್ಕ್ ಇಲ್ಲದಾಗ ಮೊಬೈಲಿನಲ್ಲಿ ಶುರುಮಾಡಿದ ಟೈಮರ್ ಆಮೇಲೆ ಬಂದು ಸೇರಿಕೊಂಡದ್ದು. ಸಂಜೆ 6:40ಕ್ಕೆ ಶುರುವಾದ ಕೆಲಸ ಮರುದಿನ ಬೆಳಿಗ್ಗೆ 9:35ಕ್ಕೆ ಮುಗಿದಿದ್ದರೆ ಹೇಳುವುದೇ ಬೇಡ, ಟೈಮರ್ ರಾತ್ರಿಯಿಡೀ ನಿಂತಿರಲಿಲ್ಲ. ಅಲ್ಲಿ ಗಮನಿಸಬೇಕಾದದ್ದು, ಮುಗಿದ ಸಮಯವೂ ಮರುದಿನದ ಮೊದಲ ದಾಖಲೆ ಶುರುವಾದ ಸಮಯವೂ ಒಂದೇ ಆಗಿರುತ್ತದೆ.

ಖಾಲಿ ಜಾಗ ಕಂಡ ಕೂಡಲೇ ತುಂಬಬೇಡಿ. ಅದು ನಿಜಕ್ಕೂ ಊಟದ ಹೊತ್ತಾಗಿರಬಹುದು.

ಗಡಿಯನ್ನು ಹುಡುಕುವುದು

ಇಡೀ ಕೆಲಸದಲ್ಲಿ ತಾಳ್ಮೆ ಬೇಕಾಗುವುದು ಇಲ್ಲಿಯೇ. "ಹನ್ನೊಂದರ ಸುಮಾರಿಗೆ ಇರಬೇಕು" ಎಂಬ ನೆನಪನ್ನು ಮೊದಲು ಬದಿಗಿಡಿ. ಆಮೇಲೆ ತಾಳೆ ನೋಡಲು ಅದು ಬೇಕಾಗುತ್ತದೆ, ಶುರುವಿನಲ್ಲಿ ಬೇಡ. ಮನುಷ್ಯನ ನೆನಪು ಸಮಯವನ್ನು ಅರ್ಧ ಗಂಟೆ, ಒಂದು ಗಂಟೆಯ ಗುಂಡು ಲೆಕ್ಕಕ್ಕೆ ತಂದುಬಿಡುತ್ತದೆ. ಬೇಸರದ ಕೆಲಸ ಉದ್ದವಾಗಿ ಕಾಣುತ್ತದೆ, ಹಿಡಿಸಿದ ಕೆಲಸ ಚಿಕ್ಕದಾಗಿ ಕಾಣುತ್ತದೆ.

ಅದರ ಬದಲು, ನಿಮಗೆ ಅರಿವಿಲ್ಲದೆಯೇ ಸಮಯ ಬರೆದುಕೊಂಡಿರುವ ಜಾಗಗಳನ್ನು ನೋಡಿ. ಫೋನಿನ ಕರೆ ಪಟ್ಟಿ. ಕ್ಯಾಲೆಂಡರಿನ ಮೀಟಿಂಗ್. ಕಳಿಸಿದ ಮೇಲ್‌ಗಳು, ಚಾಟ್ ಸಂದೇಶಗಳು. ಬ್ರೌಸರ್ ಹಿಸ್ಟರಿ ಕೂಡ ಒಳ್ಳೆಯ ಸಾಕ್ಷಿ, ಕ್ರೋಮ್ ಅದನ್ನು 90 ದಿನ ಇಟ್ಟುಕೊಂಡಿರುತ್ತದೆ. ಚಹಾ ಕುಡಿಯಲು ಕೆಳಗೆ ಹೋಗಿದ್ದರೆ ಯುಪಿಐ ಪಾವತಿಯಲ್ಲಿ ನಿಮಿಷ ಸಮೇತ ದಾಖಲಾಗಿರುತ್ತದೆ. ಬಿಡುವು ಯಾವಾಗ ಶುರುವಾಯಿತು ಎಂದು ತಿಳಿಯಲು ನನಗೆ ಗೊತ್ತಿರುವ ಅತಿ ಸುಲಭದ ದಾರಿ ಇದು. ಹತ್ತು ರೂಪಾಯಿಯ ಪಾವತಿಗೂ ಸಮಯ ಬಿದ್ದಿರುತ್ತದೆ.

ಕೋಡ್ ಬರೆಯುವವರಿಗೆ ಕೋಡಿನ ಬದಲಾವಣೆಗಳನ್ನು ದಾಖಲಿಸುವ ಗಿಟ್ ಇದೆ. ಎಲ್ಲರೂ ಕಮಿಟ್‌ಗಳ, ಅಂದರೆ ಅದರಲ್ಲಿ ಉಳಿಸಿದ ಒಂದೊಂದು ಬದಲಾವಣೆಯ ಸಮಯ ನೋಡುತ್ತಾರೆ, ಆದರೆ ಕೆಲಸ ಬದಲಾದ ಕ್ಷಣ ಸಿಗುವುದು ಗಿಟ್ ತಾನಾಗಿಯೇ ಬರೆದಿಡುವ ರೆಫ್‌ಲಾಗ್ ಎಂಬ ಪಟ್ಟಿಯಲ್ಲಿ. ಕೋಡಿನ ಒಂದು ಬ್ರ್ಯಾಂಚಿನಿಂದ (ಒಂದು ಕೆಲಸಕ್ಕೆಂದು ಬೇರೆಯಾಗಿ ಇಟ್ಟ ಕವಲು) ಇನ್ನೊಂದಕ್ಕೆ ಹಾರಿದಾಗಲೆಲ್ಲ ಎಲ್ಲಿಂದ ಎಲ್ಲಿಗೆ ಎಂದು ಅದು ಬರೆದಿಡುತ್ತದೆ. ಸುಮ್ಮನೆ ತೆರೆದರೆ ಸಮಯ ಕಾಣುವುದಿಲ್ಲ, ದಿನಾಂಕ ತೋರಿಸುವ ಆಯ್ಕೆ ಕೊಟ್ಟು ತೆರೆಯಬೇಕು. ರೆಫ್‌ಲಾಗ್ ನಿಮ್ಮ ಯಂತ್ರದಲ್ಲಿ ಮಾತ್ರ ಇರುತ್ತದೆ, ಮೇಲಿನ ಸರ್ವರ್‌ಗೆ ಹೋಗುವುದಿಲ್ಲ. ಹಾಗಾಗಿ ಬೇರೆಯವರ ಟೈಮ್‌ಶೀಟ್ ತಿದ್ದಲು ಅವರೇ ನೋಡಿ ಹೇಳಬೇಕು. ಕಮಿಟ್ ಸಮಯ ನೋಡುವಾಗ ಇನ್ನೊಂದು ಎಚ್ಚರ ಬೇಕು. ಒಂದೊಂದು ಕಮಿಟ್‌ಗೂ ಎರಡು ಸಮಯ ಇರುತ್ತದೆ, ಬರೆದವರದು ಒಂದು, ಸೇರಿಸಿದ್ದು ಇನ್ನೊಂದು. ರೀಬೇಸ್ ಮಾಡಿದರೆ, ಅಂದರೆ ಕಮಿಟ್‌ಗಳನ್ನು ಬೇರೊಂದು ಬುಡದ ಮೇಲೆ ಮತ್ತೆ ಜೋಡಿಸಿದರೆ, ಎರಡನೆಯದು ಹೊಸದಾಗುತ್ತದೆ, ಮೊದಲನೆಯದು ಹಾಗೆಯೇ ಉಳಿಯುತ್ತದೆ. ಟೈಮ್‌ಶೀಟ್‌ಗೆ ಬೇಕಾದದ್ದು ಮೊದಲನೆಯದು. ಆಜ್ಞೆಗಳನ್ನು ಟೈಪ್ ಮಾಡುವ ಬ್ಯಾಷ್ ಶೆಲ್ಲಿನ ಹಿಸ್ಟರಿಯನ್ನು ನಂಬಿ ಹೋದವರು ಬರಿಗೈಯಲ್ಲಿ ಬರುತ್ತಾರೆ. ಅದಕ್ಕೆ ಮೊದಲೇ ಸೆಟ್ಟಿಂಗ್ ಮಾಡಿಟ್ಟಿರದಿದ್ದರೆ ಆಜ್ಞೆಗಳು ಇರುತ್ತವೆ, ಸಮಯ ಇರುವುದಿಲ್ಲ.

ಸಾಕ್ಷಿಗಳಿಗೆಲ್ಲ ಒಂದೇ ತೂಕವಿಲ್ಲ. ಬಂದ ಕರೆ, ಬಂದ ಸಂದೇಶ, ಬ್ರ್ಯಾಂಚ್ ಬದಲಾವಣೆ ಇವು ಒಂದು ಕೆಲಸದ ಶುರುವನ್ನು ಹೇಳುತ್ತವೆ. ಕಮಿಟ್, "ಆಯಿತು" ಎಂಬ ಮೇಲ್, ಉಳಿಸಿದ ಫೈಲು ಇವು ಮುಗಿದದ್ದನ್ನು ಹೇಳುತ್ತವೆ. ಕಮಿಟ್ ಆದ ಸಮಯವನ್ನೇ ಕೆಲಸ ಶುರುವಾದ ಸಮಯ ಎಂದು ಹಾಕಿದರೆ, ಆ ಕೋಡ್ ಬರೆದ ಅಷ್ಟೂ ಹೊತ್ತು ಹಿಂದಿನ ಪ್ರಾಜೆಕ್ಟಿನ ತಲೆಗೆ ಬೀಳುತ್ತದೆ. ನಾನು ಕಂಡ ತಪ್ಪು ತಿದ್ದುಪಡಿಗಳಲ್ಲಿ ಇದೇ ಹೆಚ್ಚು.

ಸರ್ವರ್ ಲಾಗ್ ನೋಡುವಾಗ ಅದು ಯಾವ ಸಮಯದಲ್ಲಿದೆ ಎಂದು ಮೊದಲು ಖಾತ್ರಿ ಮಾಡಿಕೊಳ್ಳಿ. ಬಹಳಷ್ಟು ಸರ್ವರ್‌ಗಳು ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯದಲ್ಲಿ ಬರೆಯುತ್ತವೆ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಗಂಟೆ ಮಾತ್ರ ಕೂಡಿಸಿ ಆ ಅರ್ಧ ಗಂಟೆಯನ್ನು ಮರೆಯುವುದು ಬಹಳ ಸುಲಭ. ಫಲಿತಾಂಶ ನಂಬುವಂತೆಯೇ ಕಾಣುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ.

ಒಂದು ಮಂಗಳವಾರದ ಬೆಳಿಗ್ಗೆ

ನಮ್ಮಲ್ಲಿನ ಒಬ್ಬ ಎಂಜಿನಿಯರ್‌ದು ಈ ದಾಖಲೆ. ಟೈಮರ್ ಪ್ರಕಾರ ಬೆಳಿಗ್ಗೆ 9:35ರಿಂದ ಮಧ್ಯಾಹ್ನ 1:10ರವರೆಗೆ ಒಂದೇ ಕೆಲಸ, ಗ್ರಾಹಕರೊಬ್ಬರ ರಿಪೋರ್ಟ್ ಪುಟ. ಒಟ್ಟು 3 ಗಂಟೆ 35 ನಿಮಿಷ. ನಡುವೆ ಇನ್ನೊಬ್ಬ ಗ್ರಾಹಕರ ಬಿಲ್ಲಿಂಗ್ ಕೆಟ್ಟು ಅದನ್ನು ನೋಡಿದ್ದು ಆಕೆಗೆ ಚೆನ್ನಾಗಿ ನೆನಪಿದೆ. ಎಷ್ಟು ಹೊತ್ತು ಎಂದರೆ "ಒಂದು ಗಂಟೆ ಇರಬಹುದು ಸರ್" ಎಂದರು.

ಕರೆ ಪಟ್ಟಿ ತೆರೆದರೆ 10:48ಕ್ಕೆ ಸಪೋರ್ಟ್ ತಂಡದಿಂದ ಕರೆ. ಅದಕ್ಕೂ ಮೊದಲು ಚಾಟ್‌ನಲ್ಲಿ ಏನೂ ಬಂದಿರಲಿಲ್ಲ. ಕರೆ ಮುಗಿದ ಮೇಲೆ ಒಂದು ಸಂದೇಶ: "ಮೇಡಂ, ಒಂದೇ ಬಿಲ್ ಎರಡೆರಡು ಸಲ ಹೋಗ್ತಿದೆ, ಲಾಗ್ ಕಳಿಸಿದ್ದೀನಿ ನೋಡಿ." ಸರ್ವರ್ ಲಾಗ್‌ನಲ್ಲಿ ಆಕೆಯ ಮೊದಲ ಕ್ವೆರಿ (ಮಾಹಿತಿಯ ಹುಡುಕಾಟ) 05:27 ಯುಟಿಸಿ, ನಮ್ಮ ಲೆಕ್ಕದಲ್ಲಿ 10:57. ರೆಫ್‌ಲಾಗ್ ಪ್ರಕಾರ ಬ್ರ್ಯಾಂಚ್ ಬದಲಾದದ್ದು 11:09. ದುರಸ್ತಿಯ ಕಮಿಟ್ 12:04. "ಸರಿಹೋಯ್ತು, ಒಮ್ಮೆ ನೋಡ್ಬಿಡಿ" ಎಂದು ಆಕೆ ಉತ್ತರಿಸಿದ್ದು 12:16. ಚಹಾದ ಪಾವತಿ 12:21. ರಿಪೋರ್ಟ್ ಪುಟದ ಬ್ರ್ಯಾಂಚಿಗೆ ಮರಳಿದ್ದು 12:35.

ಇಲ್ಲಿ ಗಡಿ ಎಲ್ಲಿ? ಬ್ರ್ಯಾಂಚ್ ಬದಲಾದ 11:09 ಅಲ್ಲ. ಕರೆ ಬಂದ 10:48. ಫೋನಿನಲ್ಲಿ ಕೇಳಿಸಿಕೊಂಡದ್ದು, ಲಾಗ್ ಓದಿದ್ದು ಎಲ್ಲವೂ ಬಿಲ್ಲಿಂಗ್ ಕೆಲಸವೇ. ಮುಗಿದದ್ದೂ ಕಮಿಟ್ ಆದ 12:04 ಅಲ್ಲ. ಅದನ್ನು ಸರ್ವರ್‌ಗೆ ಏರಿಸಿ, ಸರಿಯಾಗಿದೆಯೇ ಎಂದು ನೋಡಿ, ಉತ್ತರ ಕಳಿಸಿದ 12:16. ಹಾಗಾಗಿ ಆ ಒಂದು ದಾಖಲೆ ಮೂರಾಯಿತು: ರಿಪೋರ್ಟ್ ಪುಟ 9:35ರಿಂದ 10:48, ಅಂದರೆ 1 ಗಂಟೆ 13 ನಿಮಿಷ. ಬಿಲ್ಲಿಂಗ್ ದುರಸ್ತಿ 10:48ರಿಂದ 12:16, 1 ಗಂಟೆ 28 ನಿಮಿಷ. ಮತ್ತೆ ರಿಪೋರ್ಟ್ ಪುಟ 12:35ರಿಂದ 1:10, 35 ನಿಮಿಷ. ನಡುವಿನ 19 ನಿಮಿಷ ಚಹಾಕ್ಕೆ ಹೋಯಿತು, ಅದು ಯಾರ ಲೆಕ್ಕಕ್ಕೂ ಬೇಡ. ನಾಲ್ಕನ್ನೂ ಕೂಡಿದರೆ 3 ಗಂಟೆ 35 ನಿಮಿಷ ಬರಬೇಕು, ಬರುತ್ತದೆ. ಈ ಕೂಡಿಕೆ ಮಾಡದೆ ಉಳಿಸುವ ಬಟನ್ ಒತ್ತಬೇಡಿ.

ನೆನಪಿನ ಪ್ರಕಾರ ಒಂದು ಗಂಟೆ ಹಾಕಿದ್ದರೆ ಬಿಲ್ಲಿಂಗ್ ಗ್ರಾಹಕರಿಗೆ 28 ನಿಮಿಷ ಕಡಿಮೆ ಬೀಳುತ್ತಿತ್ತು. ಏನೂ ತಿದ್ದದೆ ಬಿಟ್ಟಿದ್ದರೆ ಇನ್ನೊಬ್ಬರು ತಮ್ಮದಲ್ಲದ ಕೆಲಸಕ್ಕೂ, ಚಹಾಕ್ಕೂ ಹಣ ಕೊಡುತ್ತಿದ್ದರು. ಗಂಟೆಯ ಲೆಕ್ಕದಲ್ಲಿ ಹಣ ಪಡೆಯುವವರು ಇದನ್ನು ಸಣ್ಣ ವಿಷಯ ಎನ್ನಬಾರದು. ಮುಂದಿನ ಸಲ ಇಂಥದೇ ರಿಪೋರ್ಟ್ ಪುಟಕ್ಕೆ ಎಷ್ಟು ದಿನ ಬೇಕು ಎಂದು ಅಂದಾಜು ಹೇಳುವಾಗಲೂ ಈ ಹಳೆಯ ಸಂಖ್ಯೆಯನ್ನೇ ನೋಡುತ್ತೇವೆ.

ತಿದ್ದುವ ಕ್ರಮ

ಕ್ರಮ ಎಲ್ಲ ಸಾಧನಗಳಲ್ಲೂ ಒಂದೇ. ಮೊದಲು ಉದ್ದನೆಯ ದಾಖಲೆಯನ್ನು ಮೊಟಕುಗೊಳಿಸಿ, ಆಮೇಲೆ ಬಿಡುಗಡೆಯಾದ ಜಾಗದಲ್ಲಿ ಹೊಸದನ್ನು ಕೂರಿಸಿ. ತಿರುವುಮುರುವು ಮಾಡಿದರೆ ಒಂದರ ಮೇಲೊಂದು ಹತ್ತುತ್ತದೆ. ಕೆಲವು ಸಾಧನಗಳು ಒಪ್ಪುವುದಿಲ್ಲ, ಕೆಲವು ಸುಮ್ಮನೆ ಒಪ್ಪಿಕೊಂಡು ನಿಮ್ಮ ದಿನಕ್ಕೆ ಹನ್ನೊಂದು ಗಂಟೆ ತೋರಿಸುತ್ತವೆ. ಎರಡನೆಯ ಥರದವೇ ಹೆಚ್ಚು ಅಪಾಯ. ಮೊದಲ ದಾಖಲೆ ಮುಗಿದ ಸಮಯವೂ ಎರಡನೆಯದು ಶುರುವಾದ ಸಮಯವೂ ನಿಮಿಷಕ್ಕೆ ನಿಮಿಷ ಒಂದೇ ಇರಲಿ.

ಆಜ್ಞೆ ಟೈಪ್ ಮಾಡಿ ನಡೆಸುವ ಟೈಮ್‌ವಾರಿಯರ್ ಎಂಬ ಟೈಮರ್ ಬಳಸುವವರು ಸ್ಪ್ಲಿಟ್ ಆಜ್ಞೆಯಿಂದ ಮೋಸಹೋಗಬಾರದು. ಅದು ನೀವು ಬಯಸಿದಲ್ಲಿ ಕತ್ತರಿಸುವುದಿಲ್ಲ, ಸರಿಯಾಗಿ ನಡುಮಧ್ಯೆ ಎರಡು ಸಮಪಾಲು ಮಾಡುತ್ತದೆ. ಆಮೇಲೆ ಮಾಡಿಫೈ ಆಜ್ಞೆಯಿಂದ ಮೊದಲ ತುಂಡಿನ ಕೊನೆಯನ್ನೂ ಎರಡನೆಯ ತುಂಡಿನ ಶುರುವನ್ನೂ ಎಳೆಯಬೇಕು. ತೀರಾ ಇತ್ತೀಚಿನ ಹೊತ್ತಿನ ದಾಖಲೆಗೆ ಯಾವಾಗಲೂ ಸಂಖ್ಯೆ ಒಂದು, ಹಳೆಯವು ಹಿಂದಕ್ಕೆ ಸರಿಯುತ್ತವೆ. ಹಾಗಾಗಿ ಒಂದು ಕಡೆ ಕತ್ತರಿಸಿದ ಕೂಡಲೇ ಅದಕ್ಕಿಂತ ಹಿಂದಿನ ಎಲ್ಲದರ ಸಂಖ್ಯೆಯೂ ಬದಲಾಗಿರುತ್ತದೆ. ಒಂದೊಂದು ತಿದ್ದುಪಡಿಯ ನಂತರವೂ ಸಾರಾಂಶವನ್ನು ಸಂಖ್ಯೆ ಸಮೇತ ಮತ್ತೆ ತೆಗೆದು ನೋಡಿಯೇ ಮುಂದುವರಿಯಿರಿ. ತಪ್ಪಾದರೆ ಅನ್‌ಡೂ ಆಜ್ಞೆ ಇದೆ.

ಈಮ್ಯಾಕ್ಸ್ ಎಂಬ ಪಠ್ಯ ಸಂಪಾದಕದಲ್ಲಿ ಟಿಪ್ಪಣಿ, ಸಮಯ ಎರಡನ್ನೂ ಬರೆದಿಡುವ ಆರ್ಗ್ ಮೋಡ್ ಬಳಸುವವರಿಗೆ ಈ ದೋಷಕ್ಕೆಂದೇ ಮಾಡಿದ ಸೌಲಭ್ಯವಿದೆ, ಗೊತ್ತಿರುವವರು ಕಡಿಮೆ. ಸಮಯ ಬರೆದಿರುವ ಕ್ಲಾಕ್ ಸಾಲಿನಲ್ಲಿ ಮುಗಿದ ಸಮಯದ ಮೇಲೆ ಕರ್ಸರ್ ಇಟ್ಟು, ಶಿಫ್ಟ್ ಮತ್ತು ಆಲ್ಟ್ ಎರಡನ್ನೂ ಹಿಡಿದು ಮೇಲಿನ ಅಥವಾ ಕೆಳಗಿನ ಬಾಣ ಒತ್ತಿದರೆ, ಆ ಸಮಯದ ಜೊತೆಗೆ ಪಕ್ಕದ ಕ್ಲಾಕ್‌ನ ಸಮಯವೂ ಅಷ್ಟೇ ನಿಮಿಷ ಸರಿಯುತ್ತದೆ. ಗಡಿ ಒಟ್ಟಾಗಿಯೇ ಚಲಿಸುವುದರಿಂದ ಖಾಲಿಯೂ ಉಳಿಯದು, ಅತಿಕ್ರಮವೂ ಆಗದು. ಸಮಯವನ್ನು ಕೈಯಾರೆ ಟೈಪ್ ಮಾಡಿ ತಿದ್ದಿದರೆ ಸಾಲಿನ ಕೊನೆಯ ಮೊತ್ತ ಹಳೆಯದೇ ಉಳಿದಿರುತ್ತದೆ. ಅದೇ ಸಾಲಿನಲ್ಲಿ ನಿಂತು ಕಂಟ್ರೋಲ್ ಹಿಡಿದು ಸಿ ಅಕ್ಷರವನ್ನು ಎರಡು ಸಲ ಒತ್ತಿದರೆ ಹೊಸ ಮೊತ್ತ ಬರುತ್ತದೆ. ಕೊನೆಗೆ ಅಜೆಂಡಾ ತೆರೆದು ವಿ, ಆಮೇಲೆ ಸಿ ಒತ್ತಿ. ಖಾಲಿ ಹೊತ್ತು, ಅತಿಕ್ರಮ, ಹತ್ತು ಗಂಟೆ ಮೀರಿದ ದಾಖಲೆ ಎಲ್ಲವನ್ನೂ ಅದೇ ಪಟ್ಟಿಮಾಡಿ ತೋರಿಸುತ್ತದೆ.

ಕೆಲಸಗಳನ್ನು ಟಿಕೆಟ್‌ಗಳಾಗಿ ಇಡುವ ಜಿರಾದಲ್ಲಿ ವರ್ಕ್‌ಲಾಗ್ (ಆ ಕೆಲಸಕ್ಕೆ ಹಿಡಿದ ಸಮಯದ ದಾಖಲೆ) ಬರೆಯುವವರು ಶುರುವಾದ ದಿನಾಂಕದ ಖಾನೆಯನ್ನು ಮರೆಯದೆ ನೋಡಬೇಕು. ಬುಧವಾರ ಬೆಳಿಗ್ಗೆ ಕುಳಿತು ಮಂಗಳವಾರದ್ದನ್ನು ಬರೆಯುವಾಗ ಆ ಖಾನೆ ಬುಧವಾರವನ್ನೇ ತೋರಿಸುತ್ತಿದ್ದರೆ, ಗಂಟೆ ಸರಿಯಾಗಿದ್ದೂ ದಿನ ತಪ್ಪುತ್ತದೆ. ಅಲ್ಲಿ ಒಂದು ದಿನ ಎಂದು ಬರೆದರೆ ಇಪ್ಪತ್ತನಾಲ್ಕು ಗಂಟೆಯಲ್ಲ, ನಿರ್ವಾಹಕರು ಬದಲಿಸಿರದಿದ್ದರೆ ಎಂಟು ಗಂಟೆ. ವರ್ಕ್‌ಲಾಗ್ ಸೇರಿಸಿದಾಗ ಉಳಿದ ಅಂದಾಜು (ಉಳಿದ ಕೆಲಸಕ್ಕೆ ಬೇಕಾದ ಸಮಯ) ತಾನಾಗಿಯೇ ಇಳಿಯುತ್ತದೆ. ತಪ್ಪು ಟಿಕೆಟ್‌ನಿಂದ ತೆಗೆದು ಸರಿಯಾದದ್ದಕ್ಕೆ ಹಾಕಿದ ಮೇಲೆ ಎರಡೂ ಟಿಕೆಟ್‌ಗಳ ಉಳಿದ ಅಂದಾಜನ್ನು ಒಮ್ಮೆ ಕಣ್ಣಾರೆ ನೋಡಿ.

ತಿದ್ದಿದ ಮೇಲೂ ಲೆಕ್ಕ ಕೂಡದಿದ್ದರೆ

ಹದಿನೈದು ನಿಮಿಷದೊಳಗಿನ ವ್ಯತ್ಯಾಸ ಉಳಿದಿದ್ದರೆ ದಶಾಂಶವನ್ನು ಶಂಕಿಸಿ. ಒಂದೂವರೆ ಗಂಟೆಯನ್ನು 1.30 ಎಂದು ಬರೆದರೆ ಅದು 1 ಗಂಟೆ 18 ನಿಮಿಷವಾಗುತ್ತದೆ, ಬರೆಯಬೇಕಾದದ್ದು 1.5. ಹನ್ನೆರಡು ನಿಮಿಷ ಹೀಗೆ ಮಾಯವಾಗುತ್ತದೆ.

ಇನ್ನೊಂದು ಕಾರಣ, ಹದಿನೈದು ನಿಮಿಷಕ್ಕೆ ಮೇಲೇರಿಸಿ ಬರೆಯುವ ಪದ್ಧತಿ. ಮೇಲಿನ ಮೂರು ತುಂಡುಗಳನ್ನು ಒಂದೊಂದಾಗಿ ಮೇಲೇರಿಸಿದರೆ 1:15, 1:30, 0:45 ಆಗಿ ಒಟ್ಟು ಮೂರೂವರೆ ಗಂಟೆ ಬರುತ್ತದೆ. ನಿಜವಾದ ಕೆಲಸ 3 ಗಂಟೆ 16 ನಿಮಿಷ. ದಾಖಲೆಯನ್ನು ಹೆಚ್ಚು ತುಂಡು ಮಾಡಿದಷ್ಟೂ ಇಲ್ಲದ ಸಮಯ ಹುಟ್ಟುತ್ತದೆ. ತಿದ್ದುವಾಗ ನಿಮಿಷಗಳನ್ನು ಇದ್ದಂತೆಯೇ ಇಟ್ಟು, ದಿನಕ್ಕೆ ಒಂದು ಕೆಲಸದ ಮೊತ್ತ ಬಂದ ಮೇಲೆ ಮಾತ್ರ, ಒಪ್ಪಂದದಲ್ಲಿ ಹೇಳಿದಂತೆ ಸರಿಹೊಂದಿಸಿ.

ರಾತ್ರಿ ಹನ್ನೆರಡು ದಾಟಿದ ದಾಖಲೆ ಇದ್ದರೆ ವರದಿ ಅದನ್ನು ಯಾವ ದಿನಕ್ಕೆ ಹಾಕಿದೆ ಎಂದು ನೋಡಿ. ಶುರುವಾದ ದಿನಕ್ಕೇ ಪೂರ್ತಿ ಹಾಕುವ ವರದಿಗಳಿವೆ. ಬೆಂಗಳೂರಿನಲ್ಲಿ ಕುಳಿತು ಅಮೆರಿಕದ ತಂಡದ ಜೊತೆ ರಾತ್ರಿ ಕರೆಗಳಲ್ಲಿರುವವರಿಗೆ ಇದು ವಾರವಾರದ ಸಮಸ್ಯೆ. ಖಾತೆಯ ಸಮಯವಲಯ ಅಲ್ಲಿನದಾಗಿದ್ದರೆ ನಮ್ಮ ಮಂಗಳವಾರ ಬೆಳಗಿನ ಕೆಲಸ ಅವರ ಸೋಮವಾರ ರಾತ್ರಿಗೆ ಹೋಗಿ ಕೂರುತ್ತದೆ. ಅದನ್ನು ದಾಖಲೆ ತಿದ್ದಿ ಸರಿಮಾಡಬೇಡಿ, ಸಮಯವಲಯದ ಸೆಟ್ಟಿಂಗ್ ಸರಿಮಾಡಿ.

ಟೈಮ್‌ಶೀಟ್‌ಗೆ ಆಗಲೇ ಒಪ್ಪಿಗೆ ಬಿದ್ದಿದ್ದರೆ, ಮುಂದಿನ ವಾರದಲ್ಲಿ ಕಳೆದು ಕೂಡಿ ಸರಿದೂಗಿಸುವ ಆಸೆ ಬರುತ್ತದೆ. ಹಾಗೆ ಮಾಡಿದರೆ ಎರಡು ವಾರಗಳ ದಾಖಲೆಯೂ ಸುಳ್ಳಾಗುತ್ತದೆ. ಒಪ್ಪಿಗೆ ಕೊಟ್ಟವರಿಗೆ ಹೇಳಿ ಆ ವಾರವನ್ನು ಮತ್ತೆ ತೆರೆಸಿಕೊಳ್ಳಿ. ಬಿಲ್ ಹೋಗಿದ್ದರೆ ಲೆಕ್ಕಪತ್ರದವರಿಗೂ ಅದೇ ದಿನ ತಿಳಿಸಿ. ಹೀಗೆ ಬಂದು ಹೇಳಿದವರನ್ನು ಗದರುವ ಮೇಲಧಿಕಾರಿ ಇದ್ದಲ್ಲಿ ಜನ ಮರೆವನ್ನು ಮುಚ್ಚಿಡಲು ಕಲಿಯುತ್ತಾರೆ. ನನ್ನಂತೆ ಟೈಮ್‌ಶೀಟ್ ನೋಡುವವರು ಇದನ್ನು ಯೋಚಿಸಬೇಕು.

ಯಾವ ಸಾಕ್ಷಿಯೂ ಸಿಗದ ಗಡಿಗಳೂ ಇರುತ್ತವೆ. ಕಾಗದದ ಮೇಲೆ ಚಿತ್ರ ಬರೆದು ಯೋಚಿಸಿದ ಹೊತ್ತು, ಪಕ್ಕದವರ ಜೊತೆ ನಿಂತು ಮಾತಾಡಿದ ಹೊತ್ತು. ಆಗ ಎರಡು ಬದಿಯ ಹತ್ತಿರದ ಸಾಕ್ಷಿಗಳನ್ನು ಹಿಡಿದು, ಅವುಗಳ ನಡುವೆ ನೆನಪಿಗೆ ಒಪ್ಪುವ ಜಾಗದಲ್ಲಿ ಗಡಿ ಇಟ್ಟು, ವಿವರಣೆಯ ಖಾನೆಯಲ್ಲಿ "ಅಂದಾಜು" ಎಂದು ಬರೆಯಿರಿ. ಗ್ರಾಹಕರು ಮುಂದೆ ಕೇಳಿದರೆ ಯಾವುದು ಗಟ್ಟಿ, ಯಾವುದು ಸಡಿಲ ಎಂದು ಹೇಳಲು ಬರಬೇಕು.

ಮತ್ತೆ ಆಗದಂತೆ

ಟಾಗಲ್‌ನಂಥ ಸಾಧನಗಳಲ್ಲಿ ಕೀಬೋರ್ಡ್ ಮುಟ್ಟದೆ ಒಂದಷ್ಟು ಹೊತ್ತು ಕಳೆದರೆ, ಆ ಹೊತ್ತನ್ನು ಇಟ್ಟುಕೊಳ್ಳಲೇ ಬಿಡಲೇ ಎಂದು ಕೇಳುವ ಸೌಲಭ್ಯವಿದೆ. ಊಟಕ್ಕೆ, ಮನೆಗೆ ಹೋದಾಗ ಮರೆತದ್ದನ್ನು ಇದು ಹಿಡಿಯುತ್ತದೆ. ಕೆಲಸ ಬದಲಾದದ್ದನ್ನು ಹಿಡಿಯುವುದಿಲ್ಲ, ಏಕೆಂದರೆ ಆಗ ಕೈ ಕೀಬೋರ್ಡಿನ ಮೇಲೆಯೇ ಇರುತ್ತದೆ. ಫೋನಿನಲ್ಲಿ ಅರ್ಧ ಗಂಟೆ ಗ್ರಾಹಕರ ಜೊತೆ ಮಾತಾಡಿ ಬಂದು ಆ ಪ್ರಶ್ನೆಗೆ ಯೋಚಿಸದೆ "ಬಿಡು" ಎಂದು ಒತ್ತಿದರೆ ನಿಜವಾದ ಕೆಲಸವೇ ಅಳಿಸಿಹೋಗುತ್ತದೆ.

ನಮ್ಮಲ್ಲಿ ಫಲಕೊಟ್ಟದ್ದು ಟೈಮರನ್ನು ಕೆಲಸಕ್ಕಲ್ಲ, ಕೆಲಸ ತರುವ ಸಂಗತಿಗೆ ಕಟ್ಟಿದ್ದು. ಕರೆ ಎತ್ತುವಾಗ ಟೈಮರ್ ಬದಲಿಸು ಎಂದರೆ ಯಾರಿಂದಲೂ ಆಗುವುದಿಲ್ಲ. ಕರೆ ಇಟ್ಟ ಮೇಲೆ ಹಿಂದಿನ ಸಮಯ ಹಾಕಿ ಶುರುಮಾಡು ಎಂದರೆ ಆಗುತ್ತದೆ. ಟೈಮ್‌ವಾರಿಯರ್‌ನಲ್ಲಿ ಇಷ್ಟು ನಿಮಿಷದ ಹಿಂದೆ ಎಂದು ಹೇಳಿಯೇ ಶುರುಮಾಡಬಹುದು. ವೆಬ್ ಟೈಮರ್‌ಗಳಲ್ಲಿ ಓಡುತ್ತಿರುವ ದಾಖಲೆ ಶುರುವಾದ ಸಮಯವನ್ನು ಹಿಂದಕ್ಕೆ ಎಳೆಯಬಹುದು, ಎಳೆದ ಮೇಲೆ ಹಿಂದಿನ ದಾಖಲೆಯ ಕೊನೆಯೂ ಅಲ್ಲಿಗೇ ಬಂತೇ ಎಂದು ನೋಡಿ. ಗಿಟ್ ಬಳಸುವವರು ಬ್ರ್ಯಾಂಚ್ ಬದಲಿಸಿದಾಗ ತಾನಾಗಿಯೇ ನಡೆಯುವ ಹುಕ್ ಎಂಬ ಚಿಕ್ಕ ಸ್ಕ್ರಿಪ್ಟ್‌ನಲ್ಲಿ "ಟೈಮರ್ ಯಾವುದರಲ್ಲಿದೆ?" ಎಂಬ ಒಂದು ಸಾಲು ಮುದ್ರಿಸುವಂತೆ ಮಾಡಿಟ್ಟುಕೊಂಡರೂ ಸಾಕು. ಸಂಜೆ ಲ್ಯಾಪ್‌ಟಾಪ್ ಮುಚ್ಚುವ ಮೊದಲು ಆ ದಿನದ ಕ್ಯಾಲೆಂಡರ್ ನೋಟವನ್ನು ಮೇಲಿಂದ ಕೆಳಗೆ ಒಮ್ಮೆ ನೋಡಿ. ಕರೆ ಪಟ್ಟಿ ಆಗ ಇನ್ನೂ ಕೈಗೆ ಸಿಗುವಷ್ಟು ಮೇಲೆಯೇ ಇರುತ್ತದೆ.